ಗೋಡೆಗೆ ಬೂದು ಬಣ್ಣ

ಮಾರ್ಚ್ 3, ಸೋಮವಾರ

ತಂಗಿ ಇವತ್ತೂ ಸ್ಟುಡಿಯೋಗೆ ಬರಲಿಲ್ಲ. ಬರದಿದ್ದರೆ ಬೇಡ. ಇಪ್ಪತ್ತೆರಡು ವರ್ಷ ಒಂದೇ ಸೂರಿನಡಿ ಕೆಲಸ ಮಾಡಿದ ಮೇಲೆ ಯಾರಿಗಾದರೂ ಎರಡು ದಿನ ರಜೆ ಬೇಕಾಗುತ್ತದೆ. ಅವಳು ಅದಕ್ಕೆ ಮುನಿಸು ಎಂದು ಹೆಸರಿಟ್ಟಿದ್ದಾಳೆ, ಅಷ್ಟೇ.

ಆದದ್ದನ್ನು ಆದ ಹಾಗೆ ಬರೆದಿಡುತ್ತೇನೆ. ನಾಳೆ ಇದಕ್ಕೆ ಕೈಕಾಲು ಮೂಡಬಾರದು. ಶನಿವಾರ ಹೆಡ್‌ಮಿಸ್ಟ್ರೆಸ್ ಬಂದಿದ್ದರು. ಅವರ ದೊಡ್ಡ ಮಗಳ ಮದುವೆಯ ಫೋಟೋ ತೆಗೆದವನು ನಾನೇ. ಈಗ ಚಿಕ್ಕವಳದ್ದು, ಬರುವ ಭಾನುವಾರ. ಹಳೆಯ ಆಲ್ಬಮ್ಮನ್ನೂ ತಂದಿದ್ದರು. "ಆರು ವರ್ಷ ಆಯ್ತು, ಮುಖದ ಬಣ್ಣ ನೋಡಿ, ನಿನ್ನೆ ತೆಗೆದ ಹಾಗಿದೆ. ಈ ಬಣ್ಣ ಎಲ್ಲ ಯಾರು ಮಾಡೋದು?" ಎಂದು ಕೇಳಿದರು.

"ಬಣ್ಣದಲ್ಲೇನಿದೆ ಮೇಡಂ, ಅದನ್ನೆಲ್ಲ ಕಂಪ್ಯೂಟರೇ ಮಾಡುತ್ತೆ. ಫೋಟೋ ತೆಗೆಯೋದೇ ಮುಖ್ಯ" ಎಂದೆ.

ತಂಗಿ ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ನಾನು ತೆಗೆಯುತ್ತೇನೆ, ಅವಳು ಒಳಗೆ ಕೂತು ಬಣ್ಣ ತಿದ್ದುತ್ತಾಳೆ, ವಿಡಿಯೋ ಕತ್ತರಿಸಿ ಜೋಡಿಸುತ್ತಾಳೆ. ಮೊದಲಿನಿಂದಲೂ ನಮ್ಮ ಕೆಲಸ ನಡೆದಿರುವುದು ಹಾಗೆ. ಅವಳು ಅಲ್ಲಿ ನಿಂತಿದ್ದು ನನಗೆ ಬೆನ್ನಲ್ಲಿ ಕಣ್ಣಿದ್ದರೆ ಗೊತ್ತಾಗುತ್ತಿತ್ತು.

ಹೆಡ್‌ಮಿಸ್ಟ್ರೆಸ್ ಹೋದ ಮೇಲೆ ಅವಳು ಚೀಲ ಹೆಗಲಿಗೇರಿಸಿದಳು. "ಕಂಪ್ಯೂಟರೇ ಮಾಡುತ್ತಲ್ಲ ಅಣ್ಣ, ಅದನ್ನೇ ಕೇಳು" ಎಂದು ಹೊರಟುಹೋದಳು. ಧ್ವನಿ ಏರಿಸಲಿಲ್ಲ. ಏರಿಸಿದ್ದರೆ ಒಂದು ಜಗಳವಾಯಿತು ಎಂದುಕೊಂಡು ಮರೆಯಬಹುದಿತ್ತು.

ಆಲ್ಬಮ್, ವಿಡಿಯೋ ಎರಡನ್ನೂ ಏಪ್ರಿಲ್ 12ರೊಳಗೆ ಕೊಡಬೇಕು. ಹುಡುಗಿ ಅವತ್ತು ಸಂಜೆಯ ರೈಲಿಗೆ ಗಂಡನ ಊರಿಗೆ ಹೋಗುತ್ತಾಳೆ.

ಮಾರ್ಚ್ 5, ಬುಧವಾರ

ಕಂಪ್ಯೂಟರ್ ಹೋಯಿತು. ಬೆಳಿಗ್ಗೆ ಸ್ವಿಚ್ ಹಾಕಿದೆ, ಒಮ್ಮೆ ಕೆಮ್ಮಿತು, ಆಮೇಲೆ ಏನೂ ಇಲ್ಲ. ಎರಡು ತಟ್ಟಿದೆ. ತಂಗಿ ತಟ್ಟುವುದನ್ನು ನೋಡಿದ್ದೇನೆ. ಎಲ್ಲಿ ತಟ್ಟುತ್ತಿದ್ದಳೆಂದು ನೋಡಿರಲಿಲ್ಲ.

ಸ್ಕೂಟರಿನಲ್ಲಿ ಕಾಲ ನಡುವೆ ಇಟ್ಟುಕೊಂಡು ಕಂಪ್ಯೂಟರ್ ಅಂಗಡಿಗೆ ಒಯ್ದೆ. ಅಂಗಡಿ ನಡೆಸುವಾಕೆ ನನ್ನ ವಯಸ್ಸಿನವರೇ, ಕುತ್ತಿಗೆಗೆ ದಾರ ಕಟ್ಟಿ ಕನ್ನಡಕ ನೇತುಹಾಕಿಕೊಂಡಿರುತ್ತಾರೆ. ಬಾಕ್ಸ್ ಬಿಚ್ಚಿದರು. ಒಳಗೆ ಒಂದು ಫ್ಯಾನನ್ನು ಹೊಲಿಗೆ ದಾರದಲ್ಲಿ ಕಟ್ಟಿತ್ತು. ಇನ್ನೊಂದು ಭಾಗ ಅಲುಗದಂತೆ ಕೆಳಗೆ ಹಳೆಯ ಪಾಸ್‌ಪೋರ್ಟ್ ಫೋಟೋ ಒಂದನ್ನು ಮಡಿಸಿ ಸಿಕ್ಕಿಸಿತ್ತು. ಫೋಟೋ ನನ್ನದು.

"ಇದು ಎರಡು ವರ್ಷದ ಹಿಂದೇನೇ ಸಾಯಬೇಕಿತ್ತು. ಯಾರೋ ಕೈ ಹಿಡಿದು ನಡೆಸ್ತಿದ್ರು. ಯಾರದು?"

"ಮನೆಯವರೇ ಒಬ್ಬರು" ಎಂದೆ.

ಮಾರ್ಚ್ 6, ಗುರುವಾರ

ಹೆಂಡತಿ ಊಟಕ್ಕೆ ಬಡಿಸುತ್ತಾ, "ಹೋಗಿ ಕರ್ಕೊಂಡು ಬನ್ನಿ. ಎರಡು ಬೀದಿ ಆಚೆ ಇದ್ದಾಳೆ, ಸಮುದ್ರದಾಚೆ ಅಲ್ಲ" ಎಂದಳು. ತಾನಾಗಿ ಹೋದವಳು ತಾನಾಗಿ ಬರಲಿ ಎಂದೆ. "ಹಿತ್ತಲ ಗಿಡ ಮದ್ದಲ್ಲ" ಎಂದು ಗೊಣಗಿ ಒಳಗೆ ಹೋದಳು. ನಾನು ಯಾರ ಬಗ್ಗೆ ಎಂದು ಕೇಳಲಿಲ್ಲ.

ತೀರ್ಮಾನ ಮಾಡಿದ್ದೇನೆ. ಹೊಸ ಕಂಪ್ಯೂಟರಿನ ಭಾಗಗಳನ್ನು ನಾನೇ ಆರಿಸುತ್ತೇನೆ, ನಾನೇ ಜೋಡಿಸುತ್ತೇನೆ, ನಾನೇ ಎಡಿಟಿಂಗ್ ಮಾಡುತ್ತೇನೆ. ಐವತ್ತಮೂರು ವಯಸ್ಸು ಕಲಿಯುವುದಕ್ಕೆ ತಡವಲ್ಲ. ಹಳೇ ಕ್ಯಾಮೆರಾವನ್ನು ಬಿಚ್ಚಿ ಜೋಡಿಸಿದವನಿಗೆ ಇದು ಏನು ಮಹಾ.

ಕೌಂಟರಿನ ಗಾಜಿನ ಕೆಳಗೆ ಅವಳು ನಾಲ್ಕು ವರ್ಷದ ಹಿಂದೆ ಬರೆದುಕೊಟ್ಟ ಪಟ್ಟಿ ಸಿಕ್ಕಿತು. ವರ್ಷ ವರ್ಷವೂ "ಕಂಪ್ಯೂಟರ್ ಅಣ್ಣ" ಎನ್ನುತ್ತಿದ್ದಳು, ನಾನು "ಮುಂದಿನ ಸೀಸನ್ ಆಗಲಿ" ಎನ್ನುತ್ತಿದ್ದೆ. ಪಟ್ಟಿಯಲ್ಲಿರುವುದು ಇಷ್ಟು:

ಪ್ರೊಸೆಸರ್: ಮಧ್ಯಮದ್ದು ಸಾಕು.
ರ‍್ಯಾಮ್: ಇದರಲ್ಲಿ ಜುಗ್ಗತನ ಬೇಡ.
ಡಿಸ್ಕ್: ಎರಡು. ಕೆಲಸಕ್ಕೆ ವೇಗದ್ದು, ಇಟ್ಟುಕೊಳ್ಳಲು ದೊಡ್ಡದು.
ಫ್ಯಾನ್: ಸದ್ದಿಲ್ಲದ್ದು. ಮಾತು ಕೇಳಿಸಬೇಕು.
ಮಾನಿಟರ್: ದೊಡ್ಡದೇನೂ ಬೇಡ. ಸುಳ್ಳು ಹೇಳಬಾರದು.
ಗೋಡೆಗೆ ಬೂದು ಬಣ್ಣ.

ಗೋಡೆ ಕಂಪ್ಯೂಟರಿನ ಭಾಗವಲ್ಲ. ಕೊನೆಯ ಸಾಲನ್ನು ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿದೆ. ಮೊದಲ ಉಳಿತಾಯ.

ಮಾರ್ಚ್ 8, ಶನಿವಾರ

ಬಜೆಟ್ ಎಂದರೆ ನನ್ನ ಹಳೆಯ ಉದ್ದ ಲೆನ್ಸ್ ಮಾರಿ ಬಂದದ್ದು, ಅಷ್ಟೇ. ಅಂಗಡಿಯಾಕೆಗೆ ಅದನ್ನೇ ಹೇಳಿದೆ.

"ಏನು ಕೆಲಸಕ್ಕೆ?"

"ಫೋಟೋ, ವಿಡಿಯೋ ಎಡಿಟಿಂಗ್."

"ಯಾರು ಮಾಡೋದು?"

"ನಾನೇ."

ಕನ್ನಡಕ ಏರಿಸಿ ನನ್ನನ್ನು ನೋಡಿದರು, ಇಳಿಸಿದರು. "ದುಡ್ಡನ್ನ ಎಲ್ಲ ಒಂದೇ ಕಡೆ ಸುರೀಬೇಡಿ. ಒಂದು ಕಾಲು ಉದ್ದ ಆದ್ರೆ ಕುರ್ಚಿ ಅಲ್ಲಾಡುತ್ತೆ."

ಸ್ವಲ್ಪ ಹೆಚ್ಚು ಕೊಟ್ಟರೆ ಜೋಡಿಸಿಕೊಡುತ್ತಾರಂತೆ. ಬೇಡವೆಂದೆ. ಬರುವಾಗ ತಂಗಿಯ ಬೀದಿಯಲ್ಲಿ ಬರಲಿಲ್ಲ. ಆ ಬೀದಿಯಲ್ಲಿ ಹಳ್ಳ ಜಾಸ್ತಿ.

ಮಾರ್ಚ್ 9, ಭಾನುವಾರ

ಮದುವೆ ಮುಗಿಯಿತು. ಹನ್ನೊಂದು ಗಂಟೆ ನಿಂತಿದ್ದೆ. ಯಾವಾಗಲೂ ತಂಗಿ ಲೈಟ್ ಹಿಡಿಯುತ್ತಿದ್ದಳು, ಇವತ್ತು ಸ್ಟ್ಯಾಂಡ್ ಹಿಡಿದಿತ್ತು. ಯಾರ ಮುಖದ ಮೇಲೆ ನೆರಳು ಬಿತ್ತೆಂದು ಸ್ಟ್ಯಾಂಡಿಗೆ ಗೊತ್ತಾಗುವುದಿಲ್ಲ. ಒಮ್ಮೆ ಮದುಮಗನ ಚಿಕ್ಕಪ್ಪನ ಮೇಲೆ ಬಿತ್ತು. ನೆರಳಲ್ಲ, ಸ್ಟ್ಯಾಂಡು.

ಮಾರ್ಚ್ 11, ಮಂಗಳವಾರ

ಪ್ರೊಸೆಸರ್ ಎಂದರೆ ಕಂಪ್ಯೂಟರಿನ ತಲೆ. ಎಲ್ಲಕ್ಕಿಂತ ದೊಡ್ಡ ತಲೆಯೇ ಬೇಕೆಂದು ಹೋದೆ. ಅಂಗಡಿಯಾಕೆ ಬೆಲೆ ಹೇಳಿದರು. ಅದನ್ನು ಕೊಂಡರೆ ಉಳಿದ ದೇಹಕ್ಕೆ ಬಟ್ಟೆ ಹೊಲಿಸುವುದಕ್ಕೂ ಏನೂ ಉಳಿಯುವುದಿಲ್ಲ. ಮಧ್ಯಮದ್ದನ್ನು ತೆಗೆದುಕೊಂಡೆ. ಪಟ್ಟಿಯಲ್ಲೂ ಅದೇ ಇತ್ತು, ಕಾಕತಾಳೀಯ.

ರ‍್ಯಾಮ್ ಎಂದರೆ ಕೆಲಸದ ಮೇಜು ಇದ್ದ ಹಾಗೆ, ಚಿಕ್ಕದಾದರೆ ಸಾಮಾನು ಕೆಳಗೆ ಬೀಳುತ್ತದೆ. ಹದಿನಾರು ಜಿಬಿ ಸಾಕೆಂದಿದ್ದೆ. ಆದರೆ ಪಟ್ಟಿಯಲ್ಲಿ "ಜುಗ್ಗತನ ಬೇಡ" ಎಂದು ಬರೆದಿದೆಯಲ್ಲ, ಅದು ಮನಸ್ಸಿನಲ್ಲಿ ಕುಟುಕುತ್ತಿತ್ತು. ನಾನು ಜುಗ್ಗನಲ್ಲ ಎಂದು ತೋರಿಸಲು ಮೂವತ್ತೆರಡನ್ನು ಕೊಂಡೆ. ಯಾರಿಗೆ ತೋರಿಸಿದೆನೋ ಗೊತ್ತಿಲ್ಲ, ಅಂಗಡಿಯಲ್ಲಿ ನಾವಿಬ್ಬರೇ ಇದ್ದೆವು.

ಮಾರ್ಚ್ 14, ಶುಕ್ರವಾರ

ಡಿಸ್ಕ್ ಒಂದೇ ಕೊಂಡೆ, ವೇಗದ್ದು. ಸತ್ತ ಕಂಪ್ಯೂಟರಿನ ದೊಡ್ಡ ಡಿಸ್ಕ್ ಇನ್ನೂ ಗಟ್ಟಿಯಾಗಿದೆಯಂತೆ, ಇಪ್ಪತ್ತೆರಡು ವರ್ಷದ ಮದುವೆಗಳೆಲ್ಲ ಅದರಲ್ಲಿವೆ. ವಿಡಿಯೋ ಬೇಗ ತಯಾರಾಗಲು ಗ್ರಾಫಿಕ್ಸ್ ಕಾರ್ಡ್, ಸಣ್ಣದು. ಕರೆಂಟ್ ಹಂಚುವ ಪವರ್ ಸಪ್ಲೈಯಲ್ಲಿ ಅಗ್ಗದ್ದು ಕೇಳಿದೆ. "ಅಗ್ಗದ್ದನ್ನ ಹಾಕಿ, ಒಂದು ದಿನ ಅದು ಹೋಗೋವಾಗ ಜೊತೆಗೆ ನಾಲ್ಕು ಜನಾನ ಕರ್ಕೊಂಡು ಹೋಗುತ್ತೆ" ಎಂದರು. ಒಳ್ಳೆಯದನ್ನೇ ಕೊಂಡೆ.

ಬಣ್ಣ ಬಣ್ಣದ ದೀಪ ಉರಿಯುವ ಬಾಕ್ಸ್ ಒಂದಿತ್ತು. ಗಿರಾಕಿಗಳು ನೋಡಿ ದಂಗಾಗುತ್ತಾರೆ ಎಂದುಕೊಂಡೆ. "ಬಾಕ್ಸಿಗೆ ದೀಪ ಇದ್ರೆ ಫೋಟೋ ಬೇಗ ಆಗಲ್ಲ. ಕತ್ತಲೆ ಕೋಣೇಲಿ ಕೂರೋರಿಗೆ ಕಣ್ಣಿಗೆ ಚುಚ್ಚುತ್ತೆ" ಎಂದರು. ತಂಗಿಗೆ ಮೊದಲೇ ಕಣ್ಣು ಸೂಕ್ಷ್ಮ. ಸಾದಾ ಕಪ್ಪು ಬಾಕ್ಸ್ ತೆಗೆದುಕೊಂಡೆ.

ಮೇಲಿನ ವಾಕ್ಯ ತಪ್ಪಾಗಿ ಬರೆದಿದ್ದೇನೆ. ಕೂರುವವನು ನಾನು. ನನ್ನ ಕಣ್ಣು ಕಲ್ಲು.

ಫ್ಯಾನ್ ಸದ್ದಿಲ್ಲದ್ದು. ನನಗೆ ಎಡಗಿವಿ ಮಂದ, ಸದ್ದಿದ್ದರೂ ನಡೆಯುತ್ತಿತ್ತು. ಆದರೂ ಇರಲಿ.

ಮಾರ್ಚ್ 15, ಶನಿವಾರ

ಮಾನಿಟರ್. ಮೂರು ಅಂಗಡಿ ಸುತ್ತಿದೆ. ಎಲ್ಲ ಕಡೆಯೂ "ಸುಳ್ಳು ಹೇಳದ್ದು ಕೊಡಿ" ಎಂದು ಕೇಳಿದೆ. ಎರಡು ಕಡೆ ನಕ್ಕರು. ಕೊನೆಗೆ ನಮ್ಮ ಅಂಗಡಿಯಾಕೆಯೇ, "ಹಾಗೆ ಕೇಳಿ ಅಂತ ಹೇಳಿಕೊಟ್ಟೋರು ಯಾರೋ ಕೆಲಸ ಗೊತ್ತಿರೋರು" ಎಂದು ಒಳಗಿನಿಂದ ಒಂದನ್ನು ತಂದರು. ಕೆಂಪನ್ನು ಕೆಂಪಾಗಿ, ಬಿಳಿಯನ್ನು ಬಿಳಿಯಾಗಿ ತೋರಿಸುತ್ತದಂತೆ. ಅದರ ಮೇಲೆ ಇನ್ನೇನೂ ಹೆಚ್ಚುಗಾರಿಕೆ ಇಲ್ಲ. ಬೆಲೆಗೆ ಮಾತ್ರ ಇದೆ.

ಎರಡನೇ ಕ್ಯಾಮೆರಾ ಮಾರಿದೆ. ಸುಮ್ಮನೆ ಬಿದ್ದಿತ್ತು.

ಮಾರ್ಚ್ 16, ಭಾನುವಾರ

ತಂಗಿ ಕೂರುತ್ತಿದ್ದ ಹಿಂದಿನ ಕೋಣೆಯನ್ನು ಸ್ವಚ್ಛ ಮಾಡಿದೆ. ಇಪ್ಪತ್ತೆರಡು ವರ್ಷದಲ್ಲಿ ನಾನು ಅಲ್ಲಿ ಕೂತದ್ದೇ ಇಲ್ಲ, ಬಾಗಿಲಲ್ಲಿ ನಿಂತು "ಆಯ್ತಾ?" ಎಂದು ಕೇಳುತ್ತಿದ್ದೆ. ಕೂತರೆ ಗೊತ್ತಾಗುತ್ತದೆ, ಅದು ಮನುಷ್ಯರು ಕೂರುವ ಜಾಗವಲ್ಲ. ಕಿಟಕಿಗೆ ಕಪ್ಪು ಕಾಗದ ಅಂಟಿಸಿದ್ದಾಳೆ. ಗೋಡೆ ಕಾಣದ ಹಾಗೆ ಒಂದು ಬೂದು ಕಂಬಳಿ ಮೊಳೆ ಹೊಡೆದು ನೇತುಹಾಕಿದ್ದಾಳೆ. ಪಾಪ, ಇಂಥ ಮಂಕು ಕೋಣೆಯಲ್ಲಿ ಕೂತರೆ ಯಾರಿಗಾದರೂ ಅಣ್ಣನ ಮೇಲೆ ಕೋಪ ಬರುತ್ತದೆ.

ಕಾಗದ ಕಿತ್ತೆ. ಕಂಬಳಿ ತೆಗೆದು ಸ್ಕೂಟರಿಗೆ ಹೊದಿಸಿದೆ. ಸ್ಟುಡಿಯೋದ ಮುಂಭಾಗಕ್ಕೆ ಹೊಡೆಸಿ ಉಳಿದ ಬಣ್ಣ ಒಂದೂವರೆ ಡಬ್ಬಿ ಇತ್ತು, ಒಳ್ಳೆ ಚೆಂಡುಹೂವಿನ ಹಳದಿ. ನಾಲ್ಕೂ ಗೋಡೆಗೆ ನಾನೇ ಬಳಿದೆ. ಖರ್ಚಿಲ್ಲದೆ ಕೋಣೆಗೆ ಕಳೆ ಬಂತು.

ಅವಳ ಕುರ್ಚಿ ನನಗೆ ತೀರಾ ತಗ್ಗು, ಮೊಣಕಾಲು ಗದ್ದಕ್ಕೆ ತಾಗುತ್ತದೆ. ಏರಿಸುವ ಹಿಡಿ ಪಕ್ಕದಲ್ಲೇ ಇದೆ. ಏರಿಸಲಿಲ್ಲ.

ಮಾರ್ಚ್ 18, ಮಂಗಳವಾರ

ಜೋಡಣೆ. ಬೆಳಿಗ್ಗೆ ಹತ್ತಕ್ಕೆ ಶುರು ಮಾಡಿ ಸಂಜೆ ನಾಲ್ಕಕ್ಕೆ ಮುಗಿಸಿದೆ. ಮೂರು ಸ್ಕ್ರೂ ಉಳಿದವು. ಉಳಿದದ್ದು ಒಳ್ಳೆಯದೇ, ಮುಂದೆ ಬೇಕಾಗುತ್ತವೆ.

ಸ್ವಿಚ್ ಒತ್ತಿದೆ. ಸದ್ದೇ ಇಲ್ಲ. ಎಲ್ಲವನ್ನೂ ಸದ್ದಿಲ್ಲದ್ದೇ ನೋಡಿ ಕೊಂಡಿದ್ದರಿಂದ ಹತ್ತು ನಿಮಿಷ ಅದು ನಡೆಯುತ್ತಿದೆ ಎಂದೇ ತಿಳಿದು ತೃಪ್ತಿಯಿಂದ ಕೂತಿದ್ದೆ. ಹೆಂಡತಿ ಚಹಾ ತಂದವಳು, "ಪ್ಲಗ್ ಹಾಕಿಲ್ಲ" ಎಂದಳು.

ಪ್ಲಗ್ ಹಾಕಿದ ಮೇಲೆ ನಡೆಯಿತು. ಆರು ನಿಮಿಷ ನಡೆದು ತಾನೇ ಆರಿತು. ಅಂಗಡಿಯಾಕೆಗೆ ಫೋನ್ ಮಾಡಿದೆ. "ಪ್ರೊಸೆಸರ್ ಮೇಲೆ ಕೂರಿಸೋ ಕೂಲರಿನ ತಳದಲ್ಲಿ ಪ್ಲಾಸ್ಟಿಕ್ ಹಾಳೆ ಇರುತ್ತೆ, ತೆಗೆದ್ರಾ?" ಎಂದರು. ಅದನ್ನು ತೆಗೆಯಬೇಕೆಂದು ಅದರ ಮೇಲೇ ಬರೆದಿತ್ತು. ಹೊಸ ವಸ್ತು ಹಾಳಾಗದಿರಲಿ ಎಂದು ನಾನೇ ಜೋಪಾನವಾಗಿ ಉಳಿಸಿದ್ದೆ.

ಮಾರ್ಚ್ 19, ಬುಧವಾರ

ನಡೆಯುತ್ತಿದೆ. ನಾನೇ ಮಾಡಿದ್ದು. ಸುಮ್ಮನೆ ಎರಡು ಸಲ ಆರಿಸಿ ಹಚ್ಚಿದೆ.

ಮೌಸನ್ನು ಕೀಬೋರ್ಡಿನ ಎಡಗಡೆ ಇಟ್ಟಿದ್ದೇನೆ. ಮೇಜಿನಲ್ಲಿ ಆ ಕಡೆ ಜಾಗ ಜಾಸ್ತಿ.

ಮಾರ್ಚ್ 22, ಶನಿವಾರ

ಇವತ್ತು ಒಂದು ಮಾತು ದೊಡ್ಡ ಅಕ್ಷರದಲ್ಲಿ ಬರೆಯಬೇಕು. ಒಂದು ಕುಟುಂಬದ ಫೋಟೋ, ಎಂಟು ಪಾಸ್‌ಪೋರ್ಟ್ ಫೋಟೋ, ಎಲ್ಲಕ್ಕೂ ನಾನೇ ಬಣ್ಣ ತಿದ್ದಿ ಪ್ರಿಂಟಿಗೆ ಲ್ಯಾಬಿಗೆ ಕಳಿಸಿದ್ದೆ. ಬಂದವು. ಒಂದೊಂದು ಮುಖವೂ ಕಡೆದಿಟ್ಟ ಹಾಗಿದೆ. ಮೊದಲನೇ ಸಲಕ್ಕೇ!

ಬಣ್ಣದಲ್ಲೇನಿದೆ ಎಂದು ನಾನು ಹೇಳಿದ್ದು ಸುಳ್ಳಾಗಲಿಲ್ಲ.

ಹೆಂಡತಿಗೆ ತೋರಿಸಿದೆ. ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿ, "ಹೂಂ, ಯಾರದೋ ಕೈಗುಣ" ಎಂದಳು. ಅವಳಿಗೆ ಹೊಗಳಲು ಬರುವುದಿಲ್ಲ.

ಮಾರ್ಚ್ 25, ಮಂಗಳವಾರ

ಮದುವೆಯ ವಿಡಿಯೋ ಶುರು ಮಾಡಿದೆ. ಫ್ಯಾನಿಗೆ ಸದ್ದಿಲ್ಲದ್ದರಿಂದ ಎಲ್ಲ ಮಾತೂ ಕೇಳಿಸುತ್ತದೆ, ನನ್ನ ಕಿವಿಗೂ. ಊಟದ ಸಾಲು, ನಗು, ಯಾವುದೋ ಮಗುವಿನ ಅಳು. ನಡುವೆ ಒಬ್ಬ ಗಂಡಸು ಕ್ಯಾಮೆರಾದ ತೀರ ಹತ್ತಿರದಿಂದ ಕೂಗುತ್ತಾನೆ: "ಪುಟ್ಟಿ, ಲೈಟ್ ಆ ಕಡೆ!"

ಯಾರಪ್ಪ ಇವನು ಎಂದು ಹಿಂದೆ ಓಡಿಸಿ ಕೇಳಿದೆ. ನಾನೇ.

ಪುಟ್ಟಿ ಎಂದು ನಾನು ಕರೆಯುವುದು ತಂಗಿಯನ್ನು. ಅವಳು ಅವತ್ತು ಅಲ್ಲಿರಲಿಲ್ಲ. ಕೂಗಿದ್ದು ನನಗೆ ನೆನಪೇ ಇಲ್ಲ. ಪೂರ್ತಿ ನೋಡಿದೆ. ಮೂರು ಸಲ ಕೂಗಿದ್ದೇನೆ. ಮೂರನೆಯ ಸಲ ಕೂಗಿ, ಉತ್ತರ ಬರಲೆಂದು ಸ್ವಲ್ಪ ಹೊತ್ತು ಕಾದಿದ್ದೇನೆ, ಕ್ಯಾಮೆರಾ ಅಲ್ಲಾಡದೆ ನಿಂತಿದೆ.

ಮೂರು ಕಡೆಯೂ ಧ್ವನಿಯನ್ನು ಕತ್ತರಿಸಿ ತೆಗೆದೆ. ಆಮೇಲೆ ಕೆಲಸ ಸಾಗಲಿಲ್ಲ. ಅವಳಿಲ್ಲದೆ ನನಗೆ ಬೇಜಾರಾಗಿದೆ. ಇದನ್ನು ಯಾರೂ ಓದುವುದಿಲ್ಲವಾದ್ದರಿಂದ ಬರೆದಿದ್ದೇನೆ.

ಮಾರ್ಚ್ 28, ಶುಕ್ರವಾರ

ಇನ್ನೊಂದು ಕಟ್ಟು ಪ್ರಿಂಟ್ ಬಂತು, ಮತ್ತೆ ಚಿನ್ನದಂಥ ಬಣ್ಣ. ಲ್ಯಾಬಿನ ಯಜಮಾನರಿಗೆ ಫೋನ್ ಮಾಡಿ, "ನನ್ನ ಎಡಿಟಿಂಗ್ ಹೇಗಿದೆ?" ಎಂದೆ. "ನಮ್ಮಲ್ಲಿ ಈ ತಿಂಗಳಿಂದ ಕಲರ್ ನೋಡೋಕೆ ಒಬ್ರು ಮೇಡಂ ಬಂದಿದಾರೆ. ನಿಮ್ಮ ಫೈಲ್ ಬಂದ್ರೆ ಬೇರೆ ಯಾರಿಗೂ ಕೊಡಲ್ಲ, ತಾವೇ ತಗೋತಾರೆ" ಎಂದರು.

ಕೆಲಸ ಗೊತ್ತಿದ್ದವರಿಗೆ ಕೆಲಸ ಗೊತ್ತಿದ್ದವರ ಬೆಲೆ ಗೊತ್ತಿರುತ್ತದೆ. ಇದನ್ನು ಊಟದ ಹೊತ್ತಿನಲ್ಲಿ ಹೇಳಿದೆ. ಹೆಂಡತಿ ಅನ್ನ ನೆತ್ತಿಗೇರಿ ಕೆಮ್ಮುತ್ತಾ ಎದ್ದುಹೋದಳು.

ಏಪ್ರಿಲ್ 1, ಮಂಗಳವಾರ

ಆಲ್ಬಮ್ಮಿನ ಇಪ್ಪತ್ತು ಹಾಳೆಗಳನ್ನೂ ಮುಗಿಸಿದೆ. ಕಣ್ಣು ಉರಿಯುತ್ತಿದೆ. ಈ ಮಾನಿಟರಿನಲ್ಲಿ ಎಲ್ಲರೂ ಸ್ವಲ್ಪ ನೀಲಿಗಟ್ಟಿದ ಹಾಗೆ ಕಾಣುತ್ತಾರೆ, ಆದ್ದರಿಂದ ಪ್ರತಿ ಫೋಟೋಗೂ ಬೆಚ್ಚಗಿನ ಬಣ್ಣ ಒಂದಿಷ್ಟು ಸೇರಿಸಬೇಕಾಗುತ್ತದೆ. ಸೇರಿಸಿದ ಮೇಲೆ ಜೀವ ಬರುತ್ತದೆ. ಒಂದು ಮುಖಕ್ಕೆ ಹತ್ತು ನಿಮಿಷ ಹಿಡಿಯಿತು. ಅವಳು ಒಂದು ಸೀಸನ್ನಿಗೆ ಎಷ್ಟು ಮುಖ ಮಾಡುತ್ತಿದ್ದಳೆಂದು ಲೆಕ್ಕ ಹಾಕಲು ಹೋಗಿ ಬಿಟ್ಟೆ.

ಮೊದಲು ನಾಲ್ಕು ಹಾಳೆಯ ಪ್ರೂಫ್, ಅಂದರೆ ಮಾದರಿ ಪ್ರಿಂಟ್, ತೆಗೆಯಲು ಲ್ಯಾಬಿಗೆ ಹೇಳಿದ್ದೇನೆ. ಅದರ ಅಗತ್ಯವೇನೂ ಇಲ್ಲ, ಪದ್ಧತಿ.

ಏಪ್ರಿಲ್ 3, ಗುರುವಾರ

ಪ್ರೂಫ್ ಬಂತು. ಮದುವೆ ಮನೆಯವರಿಗೆಲ್ಲ ಕಾಮಾಲೆ.

ಮದುಮಗಳು ಹಳದಿ. ಮದುಮಗ ಹಳದಿ. ಹೆಡ್‌ಮಿಸ್ಟ್ರೆಸ್ಸರ ಬಿಳಿ ಕೂದಲು ಹಳದಿ. ಬಿಳಿ ಹೂವು, ಬಿಳಿ ಮೇಜುಬಟ್ಟೆ, ಮದುಮಗನ ಚಿಕ್ಕಪ್ಪನ ಹಲ್ಲು, ಎಲ್ಲ ಹಳದಿ. ಕೋಣೆಗೆ ಹೋಗಿ ಮಾನಿಟರಿನಲ್ಲಿ ನೋಡಿದೆ, ಅಲ್ಲಿ ಎಲ್ಲರೂ ಆರೋಗ್ಯವಾಗಿದ್ದಾರೆ.

ಎರಡು ಸಲ ಸರಿಯಾಗಿ ಬಂದು ಮೂರನೇ ಸಲ ಹೀಗಾಗಬೇಕಾದರೆ ತಪ್ಪು ಲ್ಯಾಬಿನದು. ನಾಳೆ ಹೋಗಿ ಬಿಡಿಸಿ ಹೇಳುತ್ತೇನೆ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದಳು ಹೆಂಡತಿ, ಪಾತ್ರೆ ಒರೆಸುತ್ತಾ, ನನ್ನ ಕಡೆ ನೋಡದೆ.

ಇನ್ನು ಒಂಬತ್ತು ದಿನ ಇದೆ.

ಏಪ್ರಿಲ್ 4, ಶುಕ್ರವಾರ

ಲ್ಯಾಬಿಗೆ ಹೋದೆ. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡಿದ್ದೆ. ಕೌಂಟರಿನ ಮೇಲೆ ಪ್ರೂಫ್ ಹರಡಿ, "ನಿಮ್ಮ ಕಲರ್ ಮೇಡಂನ ಕರೀರಿ" ಎಂದೆ. ಯಜಮಾನರು ಏನೋ ಹೇಳಲು ಹೊರಟು, ಬೇಡವೆಂದುಕೊಂಡು, ಒಳಗಿನ ಬಾಗಿಲು ತಟ್ಟಿದರು.

ತಂಗಿ ಬಂದಳು.

ಜೋಡಿಸಿಕೊಂಡ ಬೈಗುಳವೆಲ್ಲ ಎಲ್ಲಿ ಹೋದವೋ. ಅವಳು ನನ್ನ ಕಡೆ ನೋಡಲಿಲ್ಲ, ಪ್ರೂಫ್ ನೋಡಿದಳು. ಒಂದು ಹಾಳೆಯನ್ನು ಕಿಟಕಿಯ ಹತ್ತಿರ ಒಯ್ದು ನೋಡಿದಳು.

"ಕೋಣೆ ಗೋಡೆಗೆ ಹಳದಿ ಬಳಿದಿದೀಯ" ಎಂದಳು.

"ಯಾರು ಹೇಳಿದ್ದು? ನಿನ್ನ ಅತ್ತಿಗೇನಾ?"

"ಮದುಮಗಳ ಕೆನ್ನೆ ಹೇಳ್ತಿದೆ. ಕಂಬಳಿ ತೆಗೆದೆಯಾ?"

"ಸ್ಕೂಟರಿಗೆ ಹೊದಿಸಿದೀನಿ."

ಕಣ್ಣು ಮುಚ್ಚಿಕೊಂಡಳು. ನಗು ತಡೆದಳೋ ಸಿಟ್ಟು ತಡೆದಳೋ ಗೊತ್ತಾಗಲಿಲ್ಲ. ಆಮೇಲೆ ಮಕ್ಕಳಿಗೆ ಹೇಳುವ ಹಾಗೆ ಹೇಳಿದಳು. "ಹಳದಿ ಗೋಡೆ ಮಧ್ಯೆ ಕೂತ್ರೆ ಕಣ್ಣು ಹಳದಿಗೆ ಒಗ್ಗಿಹೋಗುತ್ತೆ ಅಣ್ಣ. ಆಮೇಲೆ ಸರಿಯಾಗಿರೋ ಬಣ್ಣ ನೀಲಿ ಅನ್ಸುತ್ತೆ. ನೀನು ಹಳದಿ ಸೇರಿಸ್ತೀಯ. ಮಾನಿಟರ್ ನಿಜ ಹೇಳ್ತಾನೇ ಇತ್ತು, ಸುಳ್ಳು ಹೇಳಿದ್ದು ಗೋಡೆ."

"ಮೊದಲಿನವೆಲ್ಲ ಸರಿಯಾಗಿ ಬಂದಿದ್ವಲ್ಲ?"

ಯಜಮಾನರು ಯಾವುದೋ ತುರ್ತು ಕೆಲಸ ನೆನಪಾಗಿ ಒಳಗೆ ಹೋದರು.

"ಅವೂ ಹಳದೀನೇ ಇದ್ವು. ನಾನು ತಿದ್ದಿ ಕಳಿಸ್ತಿದ್ದೆ. ಪಾಸ್‌ಪೋರ್ಟಿನವರು ಏನು ಪಾಪ ಮಾಡಿದ್ರು? ಆದ್ರೆ ಇದು ಆಲ್ಬಮ್. ಇದನ್ನೂ ತಿದ್ದಿಬಿಟ್ರೆ ನೀನು ಸಾಯೋವರೆಗೂ ಕಂಪ್ಯೂಟರೇ ಮಾಡ್ತು ಅಂತಿರ್ತೀಯ. ಅದಕ್ಕೇ ಇದ್ದದ್ದು ಇದ್ದ ಹಾಗೆ ಪ್ರೂಫ್ ತೆಗೆದು ಕಳಿಸಿದೆ."

ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ ಎನ್ನುತ್ತಾರೆ. ನನ್ನ ಕಣ್ಣಿಗೆ ಅದೂ ಕಾಣಲಿಲ್ಲ.

"ಅದು ಏನೂ ಮಾಡಲ್ಲ ಪುಟ್ಟಿ. ಹದಿನೈದು ದಿನ ಅದರ ಎದುರು ಕೂತಿದ್ದೆ. ಅದು ಸುಮ್ನೆ ನನ್ನೇ ನೋಡ್ತಿರುತ್ತೆ" ಎಂದೆ. "ತಪ್ಪಾಯ್ತು. ಬಾ."

"ನನ್ನ ಹತ್ರ ಹೇಳಿ ಏನು ಬಂತು? ನಂಗೆ ಗೊತ್ತಿರೋದೇ ಅದು. ಯಾರ ಮುಂದೆ ಆ ಮಾತು ಆಡಿದ್ಯೋ, ಅವರ ಮುಂದೆ ಹೇಳು."

ನಾನು ಕೌಂಟರಿನ ಮೇಲಿನ ಪ್ರೂಫ್‌ಗಳನ್ನು ಒಂದೊಂದಾಗಿ ಜೋಡಿಸತೊಡಗಿದೆ. ಆಲ್ಬಮ್ಮಿನ ಮಟ್ಟಿಗೆ ಬರುತ್ತಾಳಂತೆ, ಆ ಹುಡುಗಿಯ ಮುಖ ನೋಡಿ. ಬೆಳಿಗ್ಗೆ ಲ್ಯಾಬ್, ಮಧ್ಯಾಹ್ನ ಎರಡರ ಮೇಲೆ ಇಲ್ಲಿ. ಆಮೇಲಿನದು ಆಮೇಲೆ. ಬರುವಾಗ ಅವಳ ಬೀದಿಯಲ್ಲೇ ಬಂದೆ. ಹಳ್ಳ ಅಷ್ಟೇನಿಲ್ಲ.

ಏಪ್ರಿಲ್ 5, ಶನಿವಾರ

ಬೂದು ಬಣ್ಣ ತಂದೆ. ಅಂಗಡಿಯವನು "ಯಾವ ಬೂದು?" ಎಂದ. ಹದಿನಾಲ್ಕು ಬಗೆ ಇದೆಯಂತೆ. ಆರಿಸುವ ಧೈರ್ಯವಾಗಲಿಲ್ಲ. ಮನೆಗೆ ಹೋಗಿ ಕಂಬಳಿಯ ಮೂಲೆಯನ್ನು ಕತ್ತರಿಸಿಕೊಂಡು ಬಂದು ತೋರಿಸಿದೆ.

ಎರಡು ಸಲ ಬಳಿದೆ. ಕಿಟಕಿಗೆ ಕಪ್ಪು ಕಾಗದ ಅಂಟಿಸಿದೆ. ಪಟ್ಟಿಯಲ್ಲಿ ಹೊಡೆದುಹಾಕಿದ್ದ ಸಾಲಿನ ಪಕ್ಕ ಸರಿ ಗುರುತು ಹಾಕಿದೆ.

ಏಪ್ರಿಲ್ 7, ಸೋಮವಾರ

ಎರಡು ಗಂಟೆ ಐದು ನಿಮಿಷಕ್ಕೆ ಬಂದಳು. ಬಾಗಿಲಲ್ಲಿ ನಿಂತು ಗೋಡೆ ನೋಡಿದಳು, ಬಾಕ್ಸ್ ನೋಡಿದಳು, ಬಗ್ಗಿ ಫ್ಯಾನಿಗೆ ಕಿವಿಗೊಟ್ಟಳು. ಕುರ್ಚಿಯಲ್ಲಿ ಕೂತಳು, ಏರಿಸಲಿಲ್ಲ, ಇಳಿಸಲಿಲ್ಲ.

"ಇದನ್ನ ನಿನಗೆ ಅಂತ ಮಾಡಿಕೊಂಡದ್ದಲ್ವಾ?"

"ಹೂಂ."

"ಮತ್ತೆ ಮೌಸ್ ಎಡಗಡೆ ಇದೆ."

ಅವಳು ಎಡಚಿ. ನಾನು ನೋಡಿದೆ. ಎಡಗಡೆಯೇ ಇತ್ತು. ಆ ಕಡೆ ಜಾಗ ಜಾಸ್ತಿ ಎಂದು ಹೇಳಿದೆ. ಬಲಗಡೆ ಒಂದು ಮೊಳ ಖಾಲಿ ಇತ್ತು, ಇಬ್ಬರೂ ಅದನ್ನೇ ನೋಡಿದೆವು.

ಏಪ್ರಿಲ್ 9, ಬುಧವಾರ

ಹಾಳೆಗಳು ಮುಗಿದವು, ವಿಡಿಯೋ ಹಿಡಿದಿದ್ದಾಳೆ. ನಾನು ಬಾಗಿಲಲ್ಲಿ ನಿಂತು "ಆಯ್ತಾ?" ಎಂದು ಕೇಳುವುದನ್ನು ಬಿಟ್ಟಿದ್ದೇನೆ. ಸ್ಟೂಲ್ ತಂದು ಹಿಂದೆ ಕೂರುತ್ತೇನೆ. ಅವಳು ಒಂದು ಕೆನ್ನೆಯ ಮೇಲೆ ಏನೋ ಮಾಡಿದಳು. ಏನು ಮಾಡಿದಳೆಂದು ನನಗೆ ಕಾಣಲಿಲ್ಲ, ಆದರೆ ಮಾಡಿದ ಮೇಲೆ ಆ ಹುಡುಗಿಗೆ ನಾಚಿಕೆಯಾಗಿದ್ದು ಕಂಡಿತು. ನಾನು ಅದನ್ನು ತೆಗೆದಾಗ ಅವಳಿಗೆ ನಾಚಿಕೆಯಾಗಿತ್ತೆಂದು ನನಗೇ ಗೊತ್ತಿರಲಿಲ್ಲ.

"ಮೂರು ಕಡೆ ಧ್ವನಿ ಕತ್ತರಿಸಿದೀಯ, ಯಾಕೆ? ಕುಂಟುತ್ತೆ ಅಲ್ಲಿ" ಎಂದಳು.

"ಏನೋ ಗಲಾಟೆ ಇತ್ತು."

ಮೂಲ ಫೈಲ್ ತೆರೆದು ಕೇಳಿದಳು. ನನಗೆ ಎದ್ದುಹೋಗಬೇಕು ಅನಿಸಿತು, ಸ್ಟೂಲ್ ಗೋಡೆಗೂ ಕುರ್ಚಿಗೂ ನಡುವೆ ಸಿಕ್ಕಿತ್ತು. ಮೂರು ಸಲವೂ ಕೇಳಿದಳು. ಮೂರನೆಯದು ಮುಗಿದ ಮೇಲೆ, ಆ ಕಾಯುವ ಹೊತ್ತನ್ನೂ ಪೂರ್ತಿ ಕೇಳಿದಳು.

"ಲೈಟ್ ಯಾವ ಕಡೆ ಬೇಕಿತ್ತು?" ಎಂದಳು, ತಿರುಗದೆ.

"ಬಲಗಡೆ."

"ನಾನಾಗಿದ್ರೆ ಎಡಗಡೆ ಹಿಡೀತಿದ್ದೆ" ಎಂದು ಹೇಳಿ ಮೂಗು ಒರೆಸಿಕೊಂಡು ಕೆಲಸ ಮುಂದುವರಿಸಿದಳು.

ಏಪ್ರಿಲ್ 12, ಶನಿವಾರ

ಮೂರು ಗಂಟೆಗೆ ಹೆಡ್‌ಮಿಸ್ಟ್ರೆಸ್ ಮಗಳೊಂದಿಗೆ ಬಂದರು. ತಂಗಿ ಒಳಗಿದ್ದಳು. ಆಲ್ಬಮ್ ನಿನ್ನೆಯೇ ಮುಗಿದಿದೆ, ಇವತ್ತು ಅವಳಿಗೆ ಬರುವ ಕೆಲಸವಿರಲಿಲ್ಲ. ಪಾಸ್‌ಪೋರ್ಟ್ ಫೋಟೋ ಎರಡು ಬಾಕಿ ಇದೆ ಎಂದು ಬಂದಿದ್ದಳು. ಎರಡು ಪಾಸ್‌ಪೋರ್ಟ್ ಫೋಟೋಗೆ ಅವಳಿಗೆ ನಾಲ್ಕು ನಿಮಿಷ ಸಾಕು. ಒಂದು ಗಂಟೆಯಿಂದ ಮಾಡುತ್ತಿದ್ದಳು.

ಅಮ್ಮ ಮಗಳು ಹಾಳೆ ಹಾಳೆ ತಿರುಗಿಸಿದರು. ಹುಡುಗಿ ಒಂದು ಹಾಳೆಗೆ ಬಂದು ನಿಂತು, "ಅಮ್ಮಾ, ನೋಡು, ನಾನು ಹೀಗಿದ್ದೀನಾ?" ಎಂದಳು. ಹೆಡ್‌ಮಿಸ್ಟ್ರೆಸ್ ಕಣ್ಣು ಒರೆಸಿಕೊಂಡರು. ಅವರ ಕೂದಲು ಹಾಳೆಯಲ್ಲೂ ತಲೆಯಲ್ಲೂ ಒಂದೇ ಬಿಳುಪು.

"ಬಣ್ಣ ಅಂದ್ರೆ ಬಣ್ಣ" ಎಂದರು. "ಈ ಸಲಾನೂ ಕಂಪ್ಯೂಟರೇ ಮಾಡಿತಾ?"

ಹೊಗಳಿಕೆಗೇ ಕೇಳಿದರು. ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಹಿಂದಿನ ಕೋಣೆಯಿಂದ ಬರುತ್ತಿದ್ದ ಮೌಸಿನ ಸದ್ದು ನಿಂತಿತ್ತು. ಬೆನ್ನಲ್ಲಿ ಕಣ್ಣಿಲ್ಲದಿದ್ದರೂ ನನಗೆ ಈ ಸಲ ಗೊತ್ತಾಯಿತು.

"ಇಲ್ಲ ಮೇಡಂ. ಅವತ್ತು ನಾನು ಹೇಳಿದ್ದು ತಪ್ಪು. ಕಂಪ್ಯೂಟರ್ ಮಾಡಿದ್ದು ನಾನು. ಬಣ್ಣ ಮಾಡಿದ್ದು ನನ್ನ ತಂಗಿ. ದೊಡ್ಡ ಮಗಳ ಆಲ್ಬಮ್ಮಿಗೂ ಅವಳೇ ಮಾಡಿದ್ದು" ಎಂದೆ. ಧ್ವನಿ ಸ್ವಲ್ಪ ಜೋರಾಯಿತು. ಎಡಗಿವಿ ಮಂದವಾದವರಿಗೆ ಹಾಗಾಗುತ್ತದೆ.

ಹೆಡ್‌ಮಿಸ್ಟ್ರೆಸ್, "ಎಲ್ಲಿದ್ದಾರೆ? ನೋಡಬೇಕಲ್ಲ" ಎಂದರು. ನಾನು ಅವಳ ಕೋಣೆಯ ಬಾಗಿಲು ತೆರೆದೆ. ತಂಗಿ ಮಾನಿಟರಿನ ಕಡೆಗೇ ಮುಖ ಮಾಡಿ ಕೂತಿದ್ದಳು. ಎದ್ದು ಬಂದಳು, ಕೈ ಮುಗಿದಳು, ಹುಡುಗಿಯ ಕೆನ್ನೆಯನ್ನು ಒಮ್ಮೆ ಬೆಳಕಿನಲ್ಲಿ ನೋಡಿ ತಾನು ಮಾಡಿದ್ದು ಸರಿಯಿದೆ ಎಂಬಂತೆ ತಲೆಯಾಡಿಸಿದಳು. ಅವರು ಐದು ನಿಮಿಷ ಮಾತಾಡಿದರು. ನಾನು ಆಲ್ಬಮ್ ಚೀಲಕ್ಕೆ ಹಾಕಿಕೊಟ್ಟೆ.

ಅವರು ಹೋದ ಮೇಲೆ ಅವಳು ಒಳಗೆ ಹೋಗಿ ಕೂತಳು. ಸೋಮವಾರ ಬರುತ್ತೀಯಾ ಎಂದು ಕೇಳಬೇಕು ಎಂದು ಬಾಗಿಲಲ್ಲಿ ನಿಂತೆ.

"ಬಾಗಿಲು ಹಾಕಣ್ಣ" ಎಂದಳು. "ಬೆಳಕು ಒಳಗೆ ಬರ್ತಿದೆ. ಸೋಮವಾರ ಅದಕ್ಕೊಂದು ಪರದೆ ತಂದಿಡು."

ಬಾಗಿಲು ಹಾಕಿದೆ.